ಗೋಬಿ ಬಿಟ್ಟಾಯ್ತು, ಬೆಲ್ಲಾನೂ ಬಿಡಬೇಕಾ?

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ, ಗೋಬಿ ಮಂಚೂರಿ ಅಂದ್ರೆ ಪ್ರಾಣ. 2024ರ ಮಾರ್ಚ್‌ನಲ್ಲಿ ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಹೇಳಿದಾಗ ನಮ್ಮನೇಲಿ ಅದು ನಿಂತಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ಕಥೆ ಆಯ್ತು. ಅಲ್ಲಿಗೆ ಮುಗೀತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ? ಬಿಸ್ಕೆಟ್ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದೋ ಚಟ ಹತ್ತಿತು. ತಿಂಡಿಗೆ ಬೆರೆಸೋ ಪದಾರ್ಥಗಳಿಗೆ ಕೊಟ್ಟಿರೋ ಐಎನ್‌ಎಸ್ ನಂಬರಂತೆ, 322, 500, 503, ಏನೇನೋ. ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ, ಅದು ಯಾವ ಪ್ಯಾಕೆಟ್ ತೋರಿಸಿದರೂ ಕೆಂಪು ಗುರುತು ಹಾಕುತ್ತೆ. ನಮ್ಮೆಜಮಾನರು "ಇನ್ನೇನು ನೀರು ಕುಡಿಯೋದನ್ನೂ ಬಿಡಿಸ್ತೀಯ" ಅಂತ ನಗ್ತಾರೆ.

ಹೋದ ವಾರ ಮಾರ್ಕೆಟ್ಟಿನಲ್ಲಿ ಬೆಲ್ಲದ ಎರಡು ರಾಶಿ ಇತ್ತು. ಒಂದು ಬಂಗಾರದ ಹಾಗೆ ಹಳದಿ, ಇನ್ನೊಂದು ಹಳೇ ಹುಣಸೆಹಣ್ಣಿನ ಬಣ್ಣ. ಎಂದಿನ ಹಾಗೆ ಹಳದಿಗೆ ಕೈ ಹಾಕಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಅದು ಬ್ಯಾಡ ಕಣವ್ವ" ಅಂದರು. ಯಾಕೆ ಅಂತ ಕೇಳೋಷ್ಟರಲ್ಲಿ ಹೊರಟೇ ಹೋದರು.

ಇನ್ನೊಂದು ವಿಷಯ. ನನ್ನ ನಾದಿನಿ ಫ್ಯಾನ್ಸಿ ಸ್ಟೋರ್‌ನಿಂದ ಯಾವುದೋ ಬಿಳಿಯಾಗೋ ಕ್ರೀಮ್ ತಂದು ಎರಡು ತಿಂಗಳು ಹಚ್ಚಿದಳು. ಮುಖ ನಿಜವಾಗ್ಲೂ ಬೆಳ್ಳಗಾಯ್ತು. ಬಿಟ್ಟ ನಾಲ್ಕೇ ದಿನಕ್ಕೆ ಕೆಂಪಗೆ ಉರಿ, ಬಿಸಿಲಿಗೆ ಹೋಗೋಕಾಗಲ್ಲ. ಈಗ ಮತ್ತೆ ಅದನ್ನೇ ಹಚ್ಚುತ್ತಿದ್ದಾಳೆ.

ಎಲ್ಲವನ್ನೂ ಬಿಡೋಕೆ ಯಾರಿಂದಲೂ ಆಗಲ್ಲ. ಮೊದಲು ಯಾವುದನ್ನು ಬಿಡಬೇಕು, ಗೊತ್ತಿರೋರು ಹೇಳಿ.

ಆಲೆಮನೆ ಹೈದ

ಅಕ್ಕ, ಅಜ್ಜಿ ಹೇಳಿದ್ದು ಸರಿ. ನಮ್ಮದು ಪಾಂಡವಪುರದ ಕಡೆ, ಅಪ್ಪನ ಕಾಲದಿಂದ ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದಾಗ ಕೊಚ್ಚೆ ನೀರಿನ ಹಾಗಿರುತ್ತೆ. ಕಾದಂತೆ ಮೇಲೆ ಮಡ್ಡಿ ಕಟ್ಟುತ್ತೆ. ಸ್ವಲ್ಪ ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆ ಬಿಟ್ಟರೆ ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತೆ, ಅದನ್ನ ಬಿಡದೆ ತೆಗೀತಾ ಇರಬೇಕು, ಹೊಗೆಯಲ್ಲಿ ನಿಂತು ತೆಗೆದೂ ತೆಗೆದೂ ರಟ್ಟೆ ಬಿದ್ದುಹೋಗುತ್ತೆ. ಇಷ್ಟೆಲ್ಲ ಮಾಡಿದರೂ ಬರೋದು ಕಂದು ಬಣ್ಣದ ಬೆಲ್ಲವೇ.

ಆ ಬಂಗಾರದ ಬಣ್ಣ ಬರೋದು ಹೆಚ್ಚಾಗಿ ಹೈಡ್ರೋಸ್‌ನಿಂದ. ಸೋಡಿಯಂ ಹೈಡ್ರೋಸಲ್ಫೈಟ್ ಅಂತ ಅದರ ಹೆಸರು, ಬಟ್ಟೆಯ ಬಣ್ಣ ತೆಗೆಯೋಕೆ ಬಳಸೋ ಬಿಳಿ ಪುಡಿ. ಒಂದು ಹಿಡಿ ಎರಚಿದರೆ ಕಣ್ಣೆದುರೇ ತಿಳಿಯಾಗುತ್ತೆ, ಗಂಧಕದ ಘಾಟು ಮೂಗಿಗೆ ಬಡಿಯುತ್ತೆ. ಅದರಿಂದ ಬೆಲ್ಲದಲ್ಲಿ ಉಳಿಯೋ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಹಿಡಿಯಲ್ಲಿ ಅಳೆಯೋನಿಗೆ ಮಿಲಿಗ್ರಾಂ ಎಲ್ಲಿ ತಿಳಿಯುತ್ತೆ ಹೇಳಿ. ಆಸ್ತಮಾ ಇರೋರಿಗಂತೂ ಅದು ಆಗಿಬರಲ್ಲ.

ಬೈಯೋಕೆ ಮುಂಚೆ ಇದನ್ನೂ ಕೇಳಿ. ಮೂರು ವರ್ಷದ ಹಿಂದೆ ನಾವು ಹೈಡ್ರೋಸ್ ನಿಲ್ಲಿಸಿದೆವು. ಮಂಡಿಯಲ್ಲಿ ವರ್ತಕ ಉಂಡೆ ಒಡೆದು ನೋಡಿ "ಬಣ್ಣವೇ ಇಲ್ವಲ್ಲೋ" ಅಂತ ದರ ಇಳಿಸಿದ. ಅಪ್ಪ ಆವತ್ತು ಊಟ ಮಾಡಲಿಲ್ಲ. ಅಂಗಡಿಯಲ್ಲಿ ಹಳದಿ ಕೇಳೋರು ನೀವೇ ಅಲ್ವಾ?

ಕಪ್ಪಗಿದ್ದದ್ದೆಲ್ಲ ಶುದ್ಧ ಅಂತಾನೂ ನಂಬಬೇಡಿ. ಪಾಕ ಸೀದರೂ ಕಪ್ಪಾಗುತ್ತೆ, ಈಗ ಅದನ್ನೇ ಸಾವಯವ ಅಂತ ಹೆಸರು ಹೇಳಿ ಮಾರೋರಿದ್ದಾರೆ. ಮಾಡೋ ಜಾಗಕ್ಕೆ ಹೋಗಿ ನೋಡಿ ತಗೊಳ್ಳೋದೇ ವಾಸಿ.

ನಿವೃತ್ತ ಮೇಷ್ಟ್ರು

ಅಮ್ಮಾ, ಮೊದಲು ಆ ಆ್ಯಪ್ ತೆಗೆದುಹಾಕಿ. 322 ಅಂದರೆ ಲೆಸಿಥಿನ್, ಹೆಚ್ಚಾಗಿ ಸೋಯಾದ್ದು. 500 ನಿಮ್ಮ ಅಡುಗೆಮನೆಯ ಸೋಡಾ. 503 ಬಿಸ್ಕೆಟ್ ಉಬ್ಬಿಸೋ ಅಮೋನಿಯಂ ಲವಣ, ಬೇಯುವಾಗಲೇ ಆವಿಯಾಗಿ ಹೋಗುತ್ತೆ. 330 ನಿಂಬೆಹುಳಿ. ನಂಬರ್ ಇದೆ ಅಂದಮಾತ್ರಕ್ಕೆ ವಿಷ ಅಲ್ಲ. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು, 'ಕೆಮಿಕಲ್ ಇಲ್ಲದ ಸೋಪು' ಅಂತ ಜಾಹೀರಾತು ಕಂಡರೆ ಮೈ ಉರಿಯುತ್ತೆ. ಎಣ್ಣೆಗೆ ಕ್ಷಾರ ಸೇರದೆ ಸೋಪು ಹೇಗಾಗುತ್ತೆ?

ಬಣ್ಣಗಳ ನಂಬರ್ ಮಾತ್ರ ನೆನಪಿಡಿ. 102, 110, 122. ಇವನ್ನು ಕೆಲವು ಸಿಹಿತಿಂಡಿಗಳಿಗೆ ಕೆಜಿಗೆ 100 ಮಿಲಿಗ್ರಾಂ ತನಕ ಹಾಕಬಹುದು, ಕಬಾಬ್‌ಗೆ ಹಾಕೋ ಹಾಗಿಲ್ಲ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬೇರೆ ಜಾತಿ, ಅದು ಬಟ್ಟೆಯ ಬಣ್ಣ, ಯಾವ ತಿಂಡಿಗೂ ಒಂದು ಚಿಟಿಕೆಯೂ ಸಲ್ಲದು. ಮಗಳಿಗೆ ಗೋಬಿ ಮನೆಯಲ್ಲೇ ಮಾಡಿ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿದರೆ ಬೇಕಾದಷ್ಟು ಕೆಂಪು ಬರುತ್ತೆ. ಇನ್ನೂ ಒಂದು ಮಾತು, ಗಾಡಿಯ ಬಣ್ಣಕ್ಕೆ ಹೆದರೋ ಜನ ಬಾಣಲೆಯಲ್ಲಿ ನೊರೆ ಬಂದು ಕಪ್ಪಾದ ಎಣ್ಣೆ ನೋಡೋದೇ ಇಲ್ಲ.

ಔಷಧಿ ಅಂಗಡಿ ಅಕ್ಕ

ಮೇಷ್ಟ್ರೇ, ಬೆಲ್ಲ ಗೋಬಿ ಆಮೇಲೆ. ಇಲ್ಲಿ ಅರ್ಜೆಂಟ್ ಇರೋದು ಆ ಕ್ರೀಮ್.

ಹಚ್ಚಿದರೆ ಬೆಳ್ಳಗೆ, ಬಿಟ್ಟರೆ ಉರಿ. ಅದರಲ್ಲಿ ಸ್ಟೀರಾಯ್ಡ್ ಇರೋ ಸಾಧ್ಯತೆ ಜಾಸ್ತಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್, ಇವೆಲ್ಲ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಹಚ್ಚೋ ಔಷಧಿಗಳು. ನಮ್ಮಂಗಡಿಗೆ ವಾರಕ್ಕೊಬ್ಬಳಾದರೂ "ಅದೇ ಟ್ಯೂಬ್ ಕೊಡಿ ಅಕ್ಕ, ಮದುವೆ ಇದೆ" ಅಂತ ಬರ್ತಾಳೆ. ಕೊಡಲ್ಲ ಅಂದರೆ ಬೇರೆ ಅಂಗಡಿಗೆ ಹೋಗ್ತಾಳೆ. ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಒಳಗಿನ ಕೆಂಪು ನರ ಕಾಣುತ್ತೆ, ಮುಖದಲ್ಲಿ ಕೂದಲು ಬರುತ್ತೆ.

ಇನ್ನೊಂದು ಅನುಮಾನ ಪಾದರಸದ್ದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚುತ್ತಿದ್ದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು ಡಾಕ್ಟರುಗಳು ಗುರುತಿಸಿದರು. ಟವೆಲ್, ದಿಂಬಿನ ಮೂಲಕ ಮನೆಯ ಮಕ್ಕಳಿಗೂ ಆ ಪಾದರಸ ತಾಗಬಹುದು. ಡಬ್ಬಿ ತಿರುಗಿಸಿ ನೋಡಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಒಳಗಿರೋದರ ಪಟ್ಟಿ ಇಲ್ಲ ಅಂದರೆ ಮುಟ್ಟಲೇಬೇಡಿ. ನಾದಿನಿಯನ್ನ ಡಬ್ಬಿ ಸಮೇತ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರ್ಕೊಂಡು ಹೋಗಿ. ಉರಿಗೆ ತಾನೇ ಔಷಧಿ ಮಾಡಿಕೊಳ್ಳೋದು ಬೇಡ. ಮೂತ್ರದಲ್ಲಿ ನೊರೆ, ಕಾಲು ಬಾವು ಇದ್ದರೆ ನಾಳೇನೇ ಹೋಗಿ.

ಶ್ರೀರಂಗಪಟ್ಟಣ ಶೈಲು

ನನ್ನದೂ ಒಂದು. ಹಣೆಗೆ ಸ್ಟಿಕ್ಕರ್ ಬೊಟ್ಟು ಇಡೋ ಜಾಗ ಗುಂಡಗೆ ಬೆಳ್ಳಗಾಗಿತ್ತು, ತೊನ್ನು ಅಂತ ಅಮ್ಮ ಅತ್ತೇಬಿಟ್ಟಿದ್ರು. ಅದರ ಅಂಟಿನಲ್ಲಿರೋ ಕೆಮಿಕಲ್ ಕೆಲವರಿಗೆ ಹೀಗೆ ಮಾಡುತ್ತೆ ಅಂದರು ಡಾಕ್ಟರು. ಬೊಟ್ಟು ಬಿಟ್ಟು ವರ್ಷವಾಯ್ತು, ಬಣ್ಣ ಅರ್ಧ ವಾಪಸ್ ಬಂದಿದೆ. ಕಪ್ಪು ಮೆಹಂದಿನೂ ಹಾಕಿಸಬೇಡಿ. ಗೋರಂಟಿ ಸೊಪ್ಪು ಯಾವತ್ತಾದರೂ ಕಪ್ಪಗೆ ಹತ್ತುತ್ತಾ? ಅದಕ್ಕೆ ಕೂದಲ ಡೈ ಬೆರೆಸಿರ್ತಾರೆ.

ಕುವೆಂಪುನಗರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ನೋಡಿದೆ. ಒಂದು ಹುಡುಗಿಯ ಫೋಟೋ, ಯಾವುದೋ ದೇಶದ ಲಿಪಿ, ವಿಳಾಸ ಗಿಳಾಸ ಏನೂ ಇಲ್ಲ. ನಾದಿನಿ ಮೊದಲು ಜಗಳ ಆಡಿದಳು. ಕಿಡ್ನಿ ಅಂದಮೇಲೆ ಸುಮ್ಮನಾದಳು. ಸೋಮವಾರ ಆಸ್ಪತ್ರೆಗೆ ಹೋಗ್ತಿದ್ದೀವಿ. ಆ್ಯಪ್ ತೆಗೆದೆ ಮೇಷ್ಟ್ರೇ.

ಕಂದು ಬೆಲ್ಲ ತಂದು ಶಾವಿಗೆ ಪಾಯಸ ಮಾಡಿದೆ. ಅತ್ತೆ ಲೋಟ ನೋಡಿ "ಏನೇ ಇದು, ತಳ ಹತ್ತಿಸಿದ್ಯಾ?" ಅಂದರು. ಆಲೆಮನೆಯವರೇ, ನಿಮ್ಮಲ್ಲಿ ಐದು ಕೆಜಿ ಸಿಗುತ್ತಾ?

ಆಲೆಮನೆ ಹೈದ

ಸಿಗುತ್ತೆ ಅಕ್ಕ. ಈಗ ಕೊಪ್ಪರಿಗೆ ರಿಪೇರಿ ಆಗ್ತಾ ಇದೆ, ಹದಿನೈದು ದಿನ ಬಿಟ್ಟು ಬನ್ನಿ. ಅತ್ತೇನೂ ಕರ್ಕೊಂಡು ಬನ್ನಿ, ಬಿಸಿ ಬೆಲ್ಲ ಕೊಬ್ಬರಿ ಜೊತೆ ಕೊಡ್ತೀನಿ.