ಸ್ಟೆಪ್ನಿ, ಡಿಕ್ಕಿ, ಡ್ಯಾಶ್‌ಬೋರ್ಡ್: ಈ ಹೆಸರೆಲ್ಲ ಎಲ್ಲಿಂದ ಬಂದವು?

ಗಂಗಾವತಿ ಗಾಡಿ:
ಮೊನ್ನೆ ಸಿಂಧನೂರಿಗೆ ಹೋಗುವಾಗ ಕಾರಟಗಿ ದಾಟಿದ ಮೇಲೆ ಪಂಚರ್ ಆಯ್ತು. ಭತ್ತದ ಗದ್ದೆ ಪಕ್ಕ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು ಸ್ಟೆಪ್ನಿ ಇಳಿಸುತ್ತಿದ್ದೆ. ಮಗಳು "ಅಪ್ಪಾ, ಸ್ಟೆಪ್ನಿ ಅಂದ್ರೇನು? ನಮ್ಮ ಇಂಗ್ಲಿಷ್ ಮಿಸ್ಸು ಸ್ಪೇರ್ ವೀಲ್ ಅಂತಾರಲ್ಲ?" ಅಂದಳು. 20 ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಹೇಳಲು ಗೊತ್ತಾಗಲಿಲ್ಲ. ಡಿಕ್ಕಿ ಅನ್ನೋದು ಡಿಕ್ಕಿ ಹೊಡೆಯೋದರಿಂದ ಬಂತಾ? ತಿಳಿದವರು ಹೇಳಿ, ಅವಳು ದಿನಾ ಕೇಳ್ತಿದ್ದಾಳೆ.

ಸಿರುಗುಪ್ಪ ಓದುಗ:
ಅಣ್ಣಾ, ಸ್ಟೆಪ್ನಿ ಒಂದು ಬೀದಿಯ ಹೆಸರು. ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ ಡೇವಿಸ್ ಅಣ್ಣತಮ್ಮಂದಿರು 1904ರಲ್ಲಿ ಇದನ್ನು ಮಾಡಿದರು. ಆಗಿನ ಕಾರುಗಳಿಗೆ ಈಗಿನ ಹಾಗೆ ನಟ್ಟು ಬಿಚ್ಚಿ ಗಾಲಿ ಬದಲಿಸಲು ಆಗುತ್ತಿರಲಿಲ್ಲ, ಪಂಚರ್ ಆದರೆ ದಾರಿಯಲ್ಲೇ ಕೂತು ಟೈರ್ ಕಿತ್ತು ತೇಪೆ ಹಾಕಬೇಕಿತ್ತು. ಇವರು ಕಡ್ಡಿಗಳಿಲ್ಲದ, ಬಳೆಯಂಥ ಬರೀ ರಿಮ್ಮಿಗೆ ಹವಾ ತುಂಬಿದ ಟೈರ್ ಕೂರಿಸಿದರು. ಅದನ್ನು ಪಂಚರ್ ಆದ ಗಾಲಿಯ ಮಗ್ಗುಲಿಗೆ ಬಿಗಿದರೆ ಸಾಕು, ಊರು ಸೇರಬಹುದು. ಇಂಗ್ಲೆಂಡಿನಲ್ಲಿ ಆ ಮಾತು ಹೆಚ್ಚುಕಡಿಮೆ ಮರೆತೇಹೋಗಿದೆ, ನಮ್ಮಲ್ಲಿ ಉಳಿದಿದೆ. ಬ್ರೆಜಿಲ್‌ನವರೂ ಎಸ್ಟೆಪೆ ಅಂತಾರೆ.

ಡಿಕ್ಕಿಗೂ ಟಗರಿನ ಡಿಕ್ಕಿಗೂ ಸಂಬಂಧ ಇಲ್ಲ. ಕುದುರೆ ಸಾರೋಟಿನ ಹಿಂದೆ ಆಳುಗಳು ಕೂರುವ ಸೀಟಿಗೆ ಡಿಕ್ಕಿ ಅನ್ನುತ್ತಿದ್ದರು. ಹಳೆ ಕಾರುಗಳ ಹಿಂಬದಿಯಲ್ಲೂ ಮುಚ್ಚಳ ತೆರೆದರೆ ಅಂಥ ಸೀಟು ಇರುತ್ತಿತ್ತು. ಆಮೇಲೆ ಸೀಟು ಹೋಯ್ತು, ಸಾಮಾನು ಬಂತು, ಹೆಸರು ಮಾತ್ರ ಹಾಗೇ ಉಳೀತು. ಡ್ಯಾಶ್‌ಬೋರ್ಡ್ ಕೂಡ ಕುದುರೆ ಗಾಡಿಯದ್ದೇ. ಕುದುರೆ ಓಡುವಾಗ ಗೊರಸಿನ ಕೆಸರು ಓಡಿಸುವವನ ಮುಖಕ್ಕೆ ರಾಚಬಾರದು ಅಂತ ಅಡ್ಡ ಕಟ್ಟಿದ ಹಲಗೆ ಅದು.

ಮಾನ್ವಿ ಟೀಚರ್:
ಟೈರ್ ಬಿಟ್ರಲ್ಲ ಸರ್! ಅಟೈರ್ ಅಂದ್ರೆ ಉಡುಪು, ಅದು ಮೊಟಕಾಗಿ ಟೈರ್ ಆಗಿದೆ, ಅಂದ್ರೆ ಗಾಲಿಗೆ ತೊಡಿಸಿದ ಬಟ್ಟೆ. ರಬ್ಬರ್ ಬರುವ ಮೊದಲೇ ಗಾಲಿಯ ಕಬ್ಬಿಣದ ಪಟ್ಟಿಗೆ ಈ ಹೆಸರಿತ್ತು. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಅದನ್ನು ತೊಡಿಸುವುದು ನೋಡಿದ್ದೀನಿ. ಕುಳ್ಳಿನ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾದು ಹಿಗ್ಗುತ್ತಿತ್ತು. ಮೂರು ಜನ ಇಕ್ಕಳದಲ್ಲಿ ಎತ್ತಿ ಗಾಲಿ ಮೇಲೆ ಕೂರಿಸುತ್ತಿದ್ದರು, ಕಟ್ಟಿಗೆ ಹೊತ್ತಿ ಹೊಗೆ ಬರುತ್ತಿದ್ದ ಹಾಗೆ ಕೊಡಗಟ್ಟಲೆ ನೀರು ಸುರಿದರೆ ಚೊಂಯ್ ಅಂತ ಕುಗ್ಗಿ ಗಾಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಇವತ್ತಿಗೂ ಟೈರ್ ಅಂದಾಗ ನನಗೆ ಆ ವಾಸನೆ ನೆನಪಾಗುತ್ತೆ.

ನಮ್ಮ ಮಾತಲ್ಲೂ ನೋಡಿ. ಮೇಸ್ತ್ರಿ, ಚಾವಿ ಎರಡೂ ಪೋರ್ಚುಗೀಸರಿಂದ ಬಂದವು. ಹವಾ ಅರಬ್ಬಿಯದ್ದು, ಉರ್ದು ಮೂಲಕ ನಮಗೆ ಬಂತು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೈಯಲ್ಲಿದ್ದವು, ಉರ್ದು ನಮ್ಮ ನಾಲಗೆಗೆ ಹೊಸದೇನಲ್ಲ. ಬಂಡಿಯ ಅಚ್ಚು ಸಂಸ್ಕೃತದ ಅಕ್ಷದಿಂದ ಬಂದದ್ದು. ಇಂಗ್ಲಿಷಿನ ಆಕ್ಸಲ್ ಅದಕ್ಕೆ ದೂರದ ದಾಯಾದಿ.

ಗಂಗಾವತಿ ಗಾಡಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟೀಚರ್, ನಮ್ಮ ಹಿತ್ತಲಲ್ಲಿ ತಾತನ ಬಂಡಿಯ ಒಂದು ಗಾಲಿ ಹಾಗೇ ಒರಗಿಸಿಟ್ಟಿದೆ, ಪಟ್ಟಿ ಇನ್ನೂ ಬಿಟ್ಟಿಲ್ಲ. ಸಂಜೆ ಮಗಳನ್ನು ಕರೆದು ಮುಟ್ಟಿಸಿ ತೋರಿಸ್ತೀನಿ.