ಸಮಾಂತರ ಶ್ರೇಢಿಯ ವಾಕ್ಯರೂಪದ ಲೆಕ್ಕದಲ್ಲಿ ಉತ್ತರ ಒಂದು ಕಡಿಮೆ ಬರುತ್ತಿದೆ, ಯಾಕೆ?

ಪ್ರಶ್ನೆ:
ಸಮಾಂತರ ಶ್ರೇಢಿಯ, ಅಂದರೆ ಒಂದೇ ಅಂತರದಲ್ಲಿ ಏರುವ ಅಥವಾ ಇಳಿಯುವ ಸಂಖ್ಯೆಗಳ ಸರಣಿಯ, ಸೂತ್ರ ಬಾಯಿಗೆ ಬರುತ್ತದೆ. ಬರೀ ಸಂಖ್ಯೆ ಕೊಟ್ಟರೆ ಮಾಡಿಬಿಡುತ್ತೇನೆ, ವಾಕ್ಯದಲ್ಲಿ ಕೊಟ್ಟರೆ ಎಡವುತ್ತೇನೆ. ಸಭಾಂಗಣದ ಮೊದಲ ಸಾಲಿನಲ್ಲಿ 20 ಕುರ್ಚಿ, ಆಮೇಲೆ ಒಂದೊಂದು ಸಾಲಿಗೂ 3 ಜಾಸ್ತಿ, ಕೊನೆ ಸಾಲಿನಲ್ಲಿ 77. ಸಾಲು ಎಷ್ಟು? 77ರಲ್ಲಿ 20 ಕಳೆದು, ಬಂದ 57ನ್ನು 3ರಿಂದ ಭಾಗಿಸಿದೆ. 19 ಬಂತು. ಸರಿಯುತ್ತರ 20 ಅಂತೆ. ಆ ಒಂದು ಸಾಲು ಎಲ್ಲಿ ಹೋಯಿತು?

ಉತ್ತರ 1:
ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಆದರೆ 19 ಅನ್ನೋದು ಸಾಲಿನ ಲೆಕ್ಕ ಅಲ್ಲ, 3 ಕುರ್ಚಿ ಎಷ್ಟು ಸಲ ಸೇರಿತು ಅನ್ನೋ ಲೆಕ್ಕ. ಎಡಗೈ ಬೆರಳು ಅಗಲಿಸಿ ನೋಡಿ. ಬೆರಳು 5, ನಡುವಿನ ಸಂದು 4, ಅಲ್ವಾ? ಬೆರಳು ಅಂದರೆ ಸಾಲು, ಸಂದು ಅಂದರೆ ಹೆಚ್ಚಳ. ಹೆಚ್ಚಳ 19 ಆದರೆ ಸಾಲು 20. ಸೂತ್ರದಲ್ಲಿ (ಎನ್ - 1) ಡಿ ಅಂತ ಇರೋದು ಇದಕ್ಕೇ; ಎನ್ ಅಂದರೆ ಎಷ್ಟನೇ ಪದ (ಸರಣಿಯ ಒಂದೊಂದು ಸಂಖ್ಯೆಯೂ ಒಂದು ಪದ), ಡಿ ಅಂದರೆ ಒಂದು ಸಲದ ಹೆಚ್ಚಳ. ಒಟ್ಟು ಕುರ್ಚಿ ಬೇಕಿದ್ದರೆ ಮೊದಲ ಮತ್ತು ಕೊನೆ ಸಾಲು ಸೇರಿ 97, ಎರಡನೆಯದು ಮತ್ತು ಕೊನೆಯ ಹಿಂದಿನದು ಸೇರಿದರೂ 97, ಹೀಗೆ 10 ಜೋಡಿ. 970.

ಉತ್ತರ 2:
ಹಾಗಂತ ಎಲ್ಲ ಕಡೆ ಸುಮ್ನೆ 1 ಸೇರಿಸಬೇಡಿ. ಗಿಡ ಇವತ್ತು 12 ಸೆಂಟಿಮೀಟರ್ ಇದೆ, ವಾರಕ್ಕೆ 3 ಬೆಳೆಯುತ್ತದೆ, 8 ವಾರ ಕಳೆದ ಮೇಲೆ ಎಷ್ಟು? ಇಲ್ಲಿ 8 ಅನ್ನೋದೇ ಸಂದು. 12 + 24 = 36. ಇವತ್ತಿನ ಎತ್ತರ ಮೊದಲ ಪದ, ನಾವು ಹುಡುಕುತ್ತಿರೋದು 9ನೇ ಪದ. ಎನ್ ಜಾಗಕ್ಕೆ 8 ಹಾಕಿದವರಿಗೆ 33 ಬರುತ್ತದೆ. ‘ಎಂಟನೇ’ ಅಂದಿದ್ದಾರಾ, ‘ಎಂಟು ಕಳೆದ ಮೇಲೆ’ ಅಂದಿದ್ದಾರಾ ನೋಡಿ. ಗೊತ್ತಾಗದಿದ್ದರೆ ಮೊದಲ ಮೂರು ಪದ ಬರೆದುಕೊಳ್ಳಿ. ಅರ್ಧ ನಿಮಿಷದ ಕೆಲಸ, ನಾನು ಈಗಲೂ ಹಾಗೇ ಮಾಡುತ್ತೇನೆ.

ಪ್ರಶ್ನೆ ಕೇಳಿದವರು:
ಬೆರಳು ನೋಡಿದ ಮೇಲೆ ಹೊಳೆಯಿತು, ತುಂಬಾ ಥ್ಯಾಂಕ್ಸ್! ಇನ್ನೊಂದು ಇದೆ. ಕೆಳಗಿನ ಸಾಲಿನಲ್ಲಿ 15 ಇಟ್ಟಿಗೆ, ಮೇಲೆ 14, ಅದರ ಮೇಲೆ 13, ಹೀಗೆ ಒಟ್ಟು 105 ಇಟ್ಟಿಗೆ ಜೋಡಿಸಿದರೆ ಸಾಲು ಎಷ್ಟು? ವರ್ಗ ಸಮೀಕರಣ ಬಿಡಿಸಿದರೆ 10 ಮತ್ತು 21, ಎರಡೂ ಬರುತ್ತಿವೆ.

ಉತ್ತರ 1:
ಎರಡನ್ನೂ ಇಟ್ಟಿಗೆ ಮೇಲೆ ಇಟ್ಟು ನೋಡಿ. 10ನೇ ಸಾಲಿನಲ್ಲಿ 15 - 9 = 6 ಇಟ್ಟಿಗೆ, ಸರಿ. 21ನೇ ಸಾಲಿನಲ್ಲಿ 15 - 20, ಅಂದರೆ ಮೈನಸ್ 5. ಅಂಥ ಸಾಲು ಕಟ್ಟೋಕಾಗಲ್ಲ, ಅದನ್ನು ಬಿಡಿ. ಮತ್ತೆ 21 ಬಂದಿದ್ದಾದರೂ ಯಾಕೆ ಅಂದರೆ, 11ನೇ ಪದದಿಂದ 5, 4, 3 ಅಂತ ಇಳಿದು, ಸೊನ್ನೆ ದಾಟಿ ಮೈನಸ್ 5ಕ್ಕೆ ಹೋಗುತ್ತದೆ. ಆ 11 ಪದ ಕೂಡಿದರೆ ಸೊನ್ನೆ, ಮೊತ್ತ 105 ಅಲ್ಲೇ ನಿಲ್ಲುತ್ತದೆ. ಒಮ್ಮೆ ಕೈಯಾರೆ ಬರೆದು ಕೂಡಿ ನೋಡಿ, ಬಹಳ ಚೆನ್ನಾಗಿದೆ ಅದು.