ಮೌಂಟ್ ಆಗದ ಎಕ್ಸ್‌ಟಿ4 ಪಾರ್ಟಿಷನ್: ಎಫ್‌ಎಸ್‌ಸಿಕೆ ಓಡಿಸಲಾ?

ಹಳೇಪೆಂಗ್ವಿನ್:
ಉಬುಂಟು, 1 ಟಿಬಿ ಹಾರ್ಡ್ ಡಿಸ್ಕ್. ಕರೆಂಟ್ ಹೋಗಿ ಬಂದಮೇಲೆ ಅದರ ಎಸ್‌ಡಿಬಿ2 ಪಾರ್ಟಿಷನ್ (ಎಕ್ಸ್‌ಟಿ4, ಲಿನಕ್ಸಿನ ಕಡತ ವ್ಯವಸ್ಥೆ) ಮೌಂಟ್ ಆಗ್ತಿಲ್ಲ, ಅಂದರೆ ತೆರೆಯುತ್ತಿಲ್ಲ. ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್’ ಅನ್ನುತ್ತೆ (ಸೂಪರ್‌ಬ್ಲಾಕ್ ಅಂದರೆ ಕಡತ ವ್ಯವಸ್ಥೆಯ ಮುಖ್ಯ ವಿವರಗಳಿರೋ ಬ್ಲಾಕ್). ಡಿಸ್ಕ್‌ಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕೊಟ್ಟರೆ ಪಾರ್ಟಿಷನ್ ಸರಿಯಾಗೇ ಕಾಣುತ್ತೆ. ಡಿಮೆಸ್ಜ್‌ನಲ್ಲಿ (ಕರ್ನಲ್ ಸಂದೇಶಗಳಲ್ಲಿ) ಅಲ್ಲಲ್ಲಿ ‘ಐ/ಒ ಎರರ್’ ಇದೆ. ಕಡತ ವ್ಯವಸ್ಥೆ ರಿಪೇರಿ ಮಾಡೋ ಎಫ್‌ಎಸ್‌ಸಿಕೆಯನ್ನು -ವೈ (ಎಲ್ಲ ಪ್ರಶ್ನೆಗೂ ಹೂಂ) ಜೊತೆ ಕೊಟ್ಟುಬಿಡಲಾ? ಫೋಟೊಗಳಿವೆ, ಬ್ಯಾಕಪ್ ಇಲ್ಲ.

ಬ್ಲಾಕ್‌ಮೇಸ್ತ್ರಿ:
ದಯವಿಟ್ಟು ಬೇಡ. ಐ/ಒ ಎರರ್ ಅಂದರೆ ಡಿಸ್ಕನ್ನೇ ಓದೋಕಾಗ್ತಿಲ್ಲ ಅಂತ. ಓದಲಾಗದ ಇನೋಡ್ ಟೇಬಲ್ (ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಅನ್ನೋ ಪಟ್ಟಿ) ಸಿಕ್ಕಾಗ ಎಫ್‌ಎಸ್‌ಸಿಕೆ ‘ಫೋರ್ಸ್ ರೀರೈಟ್?’ ಅಂತ ಕೇಳುತ್ತೆ, -ವೈ ಅದಕ್ಕೂ ಹೂಂ ಅನ್ನುತ್ತೆ. ಆಮೇಲೆ ಆ ಕಡತಗಳು ಎಲ್ಲಿದ್ದವು ಅನ್ನೋ ಗುರುತೇ ಉಳಿಯಲ್ಲ.

ಡಿಸ್ಕಿನ ಆರೋಗ್ಯ ತೋರಿಸೋ ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು ಐಡಿ 197 (ಕರೆಂಟ್ ಪೆಂಡಿಂಗ್ ಸೆಕ್ಟರ್) ಇರೋ ಸಾಲಿನ ಕೊನೆಯ ‘ರಾ ವ್ಯಾಲ್ಯೂ’ ನೋಡಿ. ಸೊನ್ನೆ ಅಲ್ಲದಿದ್ದರೆ ಓದಲಾಗದ ಸೆಕ್ಟರ್‌ಗಳಿವೆ. ಮೊದಲು ಇಮೇಜ್ (ಪಾರ್ಟಿಷನ್ನಿನ ಪೂರ್ತಿ ನಕಲು) ತೆಗೆಯಿರಿ. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಕಮಾಂಡ್ ಡಿಡಿರೆಸ್ಕ್ಯೂ:

ಡಿಡಿರೆಸ್ಕ್ಯೂ -ಎನ್ /ಡೆವ್/ಎಸ್‌ಡಿಬಿ2 ಡಿಸ್ಕ್.ಐಎಂಜಿ ಡಿಸ್ಕ್.ಮ್ಯಾಪ್
ಡಿಡಿರೆಸ್ಕ್ಯೂ -ಡಿ -ಆರ್3 /ಡೆವ್/ಎಸ್‌ಡಿಬಿ2 ಡಿಸ್ಕ್.ಐಎಂಜಿ ಡಿಸ್ಕ್.ಮ್ಯಾಪ್

ಮೊದಲ ಸುತ್ತು ಸುಲಭವಾಗಿ ಸಿಗೋದನ್ನೆಲ್ಲ ಬಾಚಿಕೊಳ್ಳುತ್ತೆ. ಎರಡನೆಯದು ಕೆಟ್ಟ ಜಾಗಗಳನ್ನು ಮೂರು ಸಲ ಕೆದಕುತ್ತೆ. ಮ್ಯಾಪ್ ಕಡತ ಅಳಿಸಬೇಡಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯೋದು ಅದರಿಂದ. ಇಮೇಜ್ ಬೇರೆ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಫ್ಯಾಟ್32 ಆಗಿರಬಾರದು (4 ಜಿಬಿಗೆ ನಿಂತುಬಿಡುತ್ತೆ). ಸೆಕೆಂಡಿಗೆ 30 ಎಂಬಿ ಓಡಿದರೂ 1 ಟಿಬಿಗೆ ಒಂಬತ್ತು ತಾಸು ದಾಟುತ್ತೆ.

ಹಳೇಪೆಂಗ್ವಿನ್:
ಇಮೇಜ್ ಬಂತು, 99.98%. ಆದರೆ ಬ್ಯಾಕಪ್ ಸೂಪರ್‌ಬ್ಲಾಕ್ (ಅದರ ಮೀಸಲು ಪ್ರತಿ) ಅಂತ ಮೌಂಟ್‌ಗೆ ಎಸ್‌ಬಿ=32768 ಕೊಟ್ಟರೂ ಅದೇ ಎರರ್.

ಶೆಲ್‌ಸಾಹೇಬ:
ಎಲ್ಲರೂ ಎಡವೋದು ಇಲ್ಲೇ. ಬ್ಲಾಕ್ 4096 ಬೈಟ್ ಇದ್ದರೆ ಒಂದು ಬಿಟ್‌ಮ್ಯಾಪಿನಲ್ಲಿ (ಯಾವ ಬ್ಲಾಕ್ ಖಾಲಿ ಅಂತ ಗುರುತಿಡೋ ಬ್ಲಾಕ್) 32768 ಬಿಟ್, ಅಂದರೆ ಒಂದು ಗ್ರೂಪಿಗೆ ಅಷ್ಟು ಬ್ಲಾಕ್. ಅದಕ್ಕೇ ಮೊದಲ ಪ್ರತಿ 32768ರಲ್ಲಿ, ನಂತರದವು 98304, 163840ರಲ್ಲಿ. ಇ2ಎಫ್‌ಎಸ್‌ಸಿಕೆಗೆ (ಎಕ್ಸ್‌ಟಿ4ರ ಎಫ್‌ಎಸ್‌ಸಿಕೆ) ಈ ಸಂಖ್ಯೆ ಹಾಗೇ ನಡೆಯುತ್ತೆ. ಮೌಂಟ್ ಮಾತ್ರ 1 ಕೆಬಿ ಲೆಕ್ಕ ಹಿಡಿಯುತ್ತೆ, ಆದ್ದರಿಂದ ನಾಲ್ಕರಿಂದ ಗುಣಿಸಿ:

ಮೌಂಟ್ -ಒ ಲೂಪ್,ಆರ್‌ಒ,ನೋಲೋಡ್,ಎಸ್‌ಬಿ=131072 ಡಿಸ್ಕ್.ಐಎಂಜಿ /ಎಂಎನ್‌ಟಿ

ನೋಲೋಡ್ ಬಿಡಬೇಡಿ. ಬರೀ ಆರ್‌ಒ ಕೊಟ್ಟರೆ ಜರ್ನಲ್ (ಬಾಕಿ ಬರಹಗಳ ದಾಖಲೆ) ರೀಪ್ಲೇ ಆಗಿ ಇಮೇಜಿಗೆ ಬರಹ ಬೀಳಬಹುದು.

ಹಳೇಪೆಂಗ್ವಿನ್:
ತೆರೆಯಿತು! ಎರಡು ಫೋಲ್ಡರ್ ಮಾತ್ರ ‘ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್’ ಅನ್ನುತ್ತಿವೆ.

ಶೆಲ್‌ಸಾಹೇಬ:
ಸಿಗೋದನ್ನೆಲ್ಲ ಮೊದಲು ಕಾಪಿ ಮಾಡಿಕೊಂಡು ಅನ್‌ಮೌಂಟ್ ಮಾಡಿ. ಆಮೇಲೆ ಇಮೇಜಿನ ಮೇಲೇ ಇ2ಎಫ್‌ಎಸ್‌ಸಿಕೆ -ಬಿ 32768 ಓಡಿಸಿ, ಜೊತೆಗೆ -ಝಡ್ ಕೊಟ್ಟು ಒಂದು ಅನ್‌ಡೂ ಕಡತದ ಹೆಸರು ಹಾಕಿ. ಎಡವಟ್ಟಾದರೆ ಇ2ಅನ್‌ಡೂದಿಂದ ಹಿಂದಕ್ಕೆ ತರಬಹುದು. ಹೆಸರು ಕಳೆದುಕೊಂಡವು ಲಾಸ್ಟ್+ಫೌಂಡ್‌ನಲ್ಲಿ ಬರೀ ಸಂಖ್ಯೆಯಾಗಿ ಬಿದ್ದಿರುತ್ತವೆ, ‘ಫೈಲ್’ ಕಮಾಂಡ್ ಕೊಟ್ಟರೆ ಯಾವುದು ಜೆಪೆಗ್ ಅಂತ ಹೇಳುತ್ತೆ. ಫೋಟೊರೆಕ್ (ಕಡತ ವ್ಯವಸ್ಥೆ ನೋಡದೆ ಕಡತಗಳನ್ನು ಹುಡುಕೋ ಸಾಧನ) ಕೊನೆಗೆ. ಅದು ಹೆಸರು, ಫೋಲ್ಡರ್ ಎರಡನ್ನೂ ಕಳೆಯುತ್ತೆ.